ಗಾಜಿಗಂಟಿದ ಪುಟ್ಟ ನಕ್ಷತ್ರಮೀನು: ಕೀಳುವ ಮೊದಲು ನೋಡಿ

ಮನೆಯಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇಟ್ಟವರಿಗೆ ಒಂದಲ್ಲ ಒಂದು ರಾತ್ರಿ ಈ ಗಾಬರಿ ತಪ್ಪಿದ್ದಲ್ಲ. ದೀಪ ಆರಿಸಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಒಳಮೈ ತುಂಬ ಉಗುರಿನಷ್ಟು ಚಿಕ್ಕ, ಬೂದು ಬಣ್ಣದ ನಕ್ಷತ್ರಮೀನುಗಳು. ದುಡ್ಡು ಕೊಟ್ಟು ತಂದದ್ದಲ್ಲ, ಯಾರೂ ಬಿಟ್ಟದ್ದೂ ಅಲ್ಲ. ಟ್ಯಾಂಕಿಗೆ ಹಾಕುವ ‘ಲೈವ್ ರಾಕ್’ ಕಲ್ಲಿನ ಸಂದಿಯಲ್ಲೋ, ಹವಳದ ತುಂಡು ಅಂಟಿಸಿದ ಬಿಲ್ಲೆಯ ಅಡಿಯಲ್ಲೋ ಅವಿತು ಬಂದವು. ಹವ್ಯಾಸಿಗಳ ಬಾಯಲ್ಲಿ ಇವಕ್ಕೆ ‘ಆಸ್ಟರೀನಾ’ ಎಂದೇ ಹೆಸರು.

ಇವುಗಳ ಆಕಾರವೇ ಇವುಗಳ ಗುಟ್ಟನ್ನು ಹೇಳುತ್ತದೆ. ಐದು ಸಮನಾದ ತೋಳುಗಳ ಚೆಂದ ಇಲ್ಲಿಲ್ಲ. ಎರಡು ಉದ್ದ, ಮೂರೋ ನಾಲ್ಕೋ ಮೊಟಕು. ಮೈಯನ್ನು ಎರಡಾಗಿ ಸೀಳಿಕೊಂಡು, ಪ್ರತಿ ಹೋಳಿನಲ್ಲೂ ಉಳಿದ ತೋಳುಗಳನ್ನು ಬೆಳೆಸಿಕೊಳ್ಳುವುದು ಇವುಗಳ ಸಂತಾನದ ಕ್ರಮ. ಗಂಡು ಹೆಣ್ಣು ಜೊತೆಯಾಗಬೇಕೆಂದಿಲ್ಲ, ಒಂದೇ ಒಂದು ಒಳಹೊಕ್ಕರೂ ಸಾಕು.

ಹಾಗೆಂದು ಎಲ್ಲವೂ ಹಗೆಗಳಲ್ಲ. ಬಹುಪಾಲು ಆಸ್ಟರೀನಾಗಳು ಗಾಜಿನ ಮೇಲಿನ ಪಾಚಿ, ಲೋಳೆಪದರ, ಕೊಳೆತ ಚೂರುಗಳನ್ನು ತಿಂದುಕೊಂಡಿರುತ್ತವೆ. ಬಾಯಿಂದ ಹೊಟ್ಟೆಯನ್ನೇ ಹೊರಚಾಚಿ, ಇದ್ದಲ್ಲಿಯೇ ಆಹಾರವನ್ನು ಕರಗಿಸಿ ಹೀರುವುದು ಅವುಗಳ ರೀತಿ. ಕಲ್ಲಿನ ನೇರಳೆ ಪಾಚಿಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಊಟ ಮುಗಿಸಿದ ಗುರುತು ಅಷ್ಟೆ, ಹವಳಕ್ಕೆ ತೊಂದರೆಯಿಲ್ಲ. ಕೆಲವು ಬಗೆಗಳು ಮಾತ್ರ ಮೆತ್ತನೆ ಹವಳಗಳ, ಅದರಲ್ಲೂ ಹೂವಿನಂತೆ ಅರಳುವ ಝೋವಾಂತಿಡ್‌ಗಳ ಮೇಲೆ ಬಾಯಿ ಹಾಕುತ್ತವೆ.

ಅಪರಾಧಿ ಅದೇನಾ?

ಮೊದಲ ಕೆಲಸ ಗುರುತು ಹಿಡಿಯುವುದು. ಕಲ್ಲಿನ ಸಂದಿಯಿಂದ ದಾರದಂಥ ತೆಳು ತೋಳುಗಳನ್ನಷ್ಟೇ ಹೊರಚಾಚಿ ಅಲ್ಲಾಡಿಸುವ ಪುಟ್ಟ ಜೀವಿ ಆಸ್ಟರೀನಾ ಅಲ್ಲ, ಬ್ರಿಟಲ್ ಸ್ಟಾರ್. ಅದು ಉಳಿಕೆ ಆಹಾರವನ್ನು ಶುಚಿ ಮಾಡುವ ಉಪಕಾರಿ. ಗೊತ್ತಿಲ್ಲದೆ ಅದನ್ನೂ ಕಿತ್ತೆಸೆಯುವವರಿದ್ದಾರೆ. ಅದರಿಂದ ಟ್ಯಾಂಕಿಗೇ ನಷ್ಟ.

ಆಮೇಲೆ ಸಾಕ್ಷಿ ಹುಡುಕಬೇಕು. ಸತ್ತ ಹವಳದ ಮೇಲೆ ನಕ್ಷತ್ರಮೀನು ಕುಳಿತಿದೆ ಎಂದ ಮಾತ್ರಕ್ಕೆ ಕೊಂದದ್ದು ಅದೇ ಎನ್ನಲಾಗದು. ಬೇರೆ ಕಾರಣದಿಂದ ಕೊಳೆಯುತ್ತಿರುವ ಮಾಂಸವನ್ನು ತಿನ್ನಲೂ ಅದು ಬಂದಿರಬಹುದು. ಝೋವಾಂತಿಡ್ ತಿನ್ನುವ ಚಿಪ್ಪಿಲ್ಲದ ಸಮುದ್ರ ಗೊಂಡೆಹುಳು, ಕಡಲ ಜೇಡ, ಚಪ್ಪಟೆ ಸುರುಳಿಚಿಪ್ಪಿನ ಸನ್‌ಡಯಲ್ ಬಸವನಹುಳು, ಇವೆಲ್ಲ ಹಗಲಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ದೀಪ ಆರಿ ಒಂದೆರಡು ಗಂಟೆಯಾದ ಮೇಲೆ, ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ ಕೆಲವು ರಾತ್ರಿ ನೋಡಬೇಕು. ಅನುಮಾನ ಉಳಿದರೆ ಟ್ಯಾಂಕಿನೊಳಗೇ ನೇತುಹಾಕುವ ಮರಿಮೀನಿನ ಪೆಟ್ಟಿಗೆಯಲ್ಲಿ ಅಗ್ಗದ ಝೋವಾಂತಿಡ್ ತುಂಡೊಂದನ್ನೂ ಕೆಲವು ಆಸ್ಟರೀನಾಗಳನ್ನೂ ಇಟ್ಟರಾಯಿತು. ಆರೋಗ್ಯವಾಗಿ ಅರಳಿದ್ದ ಹೂಗಳು ಒಂದೊಂದಾಗಿ ಕರಗುತ್ತಿದ್ದರೆ ತೀರ್ಪು ಸಿಕ್ಕಂತೆ.

ಕೈಯಲ್ಲಿ ಹೆಕ್ಕುವುದೇ ಒಳ್ಳೆಯದು

ಗಾಜಿನ ಮೇಲಿನವನ್ನು ಚಿಮುಟದಿಂದ ಬಿಡಿಸಬಹುದು. ಕಲ್ಲಿನ ಮೇಲಿನವಕ್ಕೆ ನೀರು ಬದಲಿಸುವ ಸಣ್ಣ ಕೊಳವೆಯೇ ಸಾಕು, ನೀರಿನ ಜೊತೆ ಬಕೆಟ್ಟಿಗೆ ಎಳೆದುಕೊಳ್ಳುತ್ತದೆ. ಟ್ಯಾಂಕಿನೊಳಗೆ ಜಜ್ಜಬಾರದು, ಕತ್ತರಿಸಬಾರದು. ಹೋಳು ಬದುಕಿಕೊಂಡರೆ ಒಂದಿದ್ದದ್ದು ಎರಡಾಗುತ್ತದೆ. ಹೆಕ್ಕಿದವನ್ನು ಫ್ರೀಜರ್‌ನಲ್ಲಿಟ್ಟು ಕಸಕ್ಕೆ ಹಾಕಬೇಕು. ಹೊಳೆ, ಸಮುದ್ರಕ್ಕೆ ಬಿಡುವ ದಯೆ ಬೇಡ, ಎಲ್ಲಿಯದೋ ಜೀವಿ ಇನ್ನೆಲ್ಲಿಯೋ ಬೇರೂರಬಾರದು.

ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸವಲ್ಲ ಇದು. ಆದರೆ ಸಂಖ್ಯೆ ಏರುವುದು ಆಹಾರ ಹೇರಳವಾಗಿದ್ದಾಗ. ಮೀನಿಗೆ ಹಾಕುವ ಆಹಾರ ತಗ್ಗಿಸಿ, ತಳದ ಕೊಳೆ ಹೀರಿ, ಗಾಜಿನ ಪಾಚಿಯನ್ನು ಆಗಾಗ ಕೆರೆದು ತೆಗೆಯುತ್ತಿದ್ದರೆ ಏರಿಕೆ ತಾನಾಗಿ ತಗ್ಗುತ್ತದೆ.

ಔಷಧಿಯ ಮೊರೆ ಹೋಗುವುದು ಮಾತ್ರ ಅಪಾಯ. ಮೀನಿನ ರೋಗಕ್ಕೆ ಬಳಸುವ ತಾಮ್ರದ ಔಷಧಿ ನಕ್ಷತ್ರಮೀನನ್ನು ಕೊಲ್ಲುತ್ತದೆ ನಿಜ, ಜೊತೆಗೆ ಹವಳ, ಸಿಗಡಿ, ಬಸವನಹುಳುಗಳನ್ನೂ ಕೊಲ್ಲುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಆಸ್ಟರೀನಾ ಮುತ್ತಿಕೊಂಡ ಕಲ್ಲನ್ನು ಹೊರತೆಗೆದು ಒಲೆಯ ಮೇಲೆ ಕುದಿಸುವುದು. ಆ ಕಲ್ಲಿಗೆ ಅಂಟಿರಬಹುದಾದ, ಝೋವಾಂತಿಡ್ ಗುಂಪಿನ ಪ್ಯಾಲಿತೋವಾ ಎಂಬ ಬಗೆಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದು. ಹವಾಯಿಯಲ್ಲಿ ಸಿಕ್ಕ ಪ್ಯಾಲಿತೋವಾದಿಂದ ಅದನ್ನು ಬೇರ್ಪಡಿಸಿದ ವರದಿಯನ್ನು ಮೂರ್ ಮತ್ತು ಶೂಯರ್ ಎಂಬ ವಿಜ್ಞಾನಿಗಳು 1971ರಲ್ಲಿ ಪ್ರಕಟಿಸಿದರು. ಪ್ಯಾಲಿತೋವಾ ಅಂಟಿದ ಕಲ್ಲು ಕುದಿಸಿದಾಗ ಎದ್ದ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಕೈಗೆ ಗಾಯವಿದ್ದರಂತೂ ಗ್ಲೌಸ್ ಇಲ್ಲದೆ, ಕಣ್ಣಿಗೆ ಕನ್ನಡಕವಿಲ್ಲದೆ ಝೋವಾಂತಿಡ್ ಮುಟ್ಟಬಾರದು.

ಸಿಗಡಿ ತರುವ ಮುನ್ನ

ಹೆಕ್ಕುವ ಬದಲು ಆಸ್ಟರೀನಾಗಳನ್ನು ತಿನ್ನುವ ಜೀವಿಯನ್ನೇ ಬಿಡುವುದಾದರೆ, ಹಾರ್ಲೆಕ್ವಿನ್ ಸಿಗಡಿ ನಿಜಕ್ಕೂ ಪರಿಣಾಮಕಾರಿ. ಕೆನೆಬಣ್ಣದ ಮೈಮೇಲೆ ದೊಡ್ಡ ಬಣ್ಣದ ಮಚ್ಚೆಗಳಿರುವ, ಐದು ಸೆಂಟಿಮೀಟರ್ ಮೀರದ ಈ ಜೀವಿಯ ಆಹಾರವೇ ನಕ್ಷತ್ರಮೀನು. ಬೇಟೆಯನ್ನು ಮಗುಚಿ ಹಾಕಿ, ತೋಳಿನ ತುದಿಯಿಂದ ನಡುವಿನ ಕಡೆಗೆ ತಿನ್ನುತ್ತಾ ಬರುತ್ತದೆ. ಟ್ಯಾಂಕ್ ತುಂಬಿದ್ದ ಆಸ್ಟರೀನಾ ಕೆಲವೇ ವಾರಗಳಲ್ಲಿ ಕಾಣದಾಗುವುದುಂಟು.

ತೊಡಕು ಶುರುವಾಗುವುದು ಅಲ್ಲಿಂದಲೇ. ಮೀನಿನ ಗುಳಿಗೆ, ಪಾಚಿ ಯಾವುದೂ ಅದಕ್ಕೆ ಆಗದು. ನಕ್ಷತ್ರಮೀನು ಸಿಗದಿದ್ದರೆ ಹಸಿದು ಸಾಯುತ್ತದೆ. ದುಡ್ಡು ಕೊಟ್ಟು ಇಟ್ಟುಕೊಂಡ ನೀಲಿ ಲಿಂಕಿಯಾದಂಥ ನಕ್ಷತ್ರಮೀನಿದ್ದರೆ ಅದನ್ನೂ ಬಿಡದು. ಆದ್ದರಿಂದ ತರುವ ಮೊದಲೇ ಮುಂದಿನ ಊಟ ಗೊತ್ತು ಮಾಡಿಕೊಂಡಿರಬೇಕು. ಕೆಲವರು ಬೇರೆ ಪುಟ್ಟ ಟ್ಯಾಂಕಿನಲ್ಲಿ ಆಸ್ಟರೀನಾಗಳನ್ನೇ ಸಾಕುತ್ತಾರೆ. ಕೆಲವರು ಅಂಗಡಿಯಲ್ಲಿ ಸಿಗುವ ಚಾಕಲೇಟ್ ಚಿಪ್ ನಕ್ಷತ್ರಮೀನಿನ ತುಂಡುಗಳನ್ನು ಫ್ರೀಜ್ ಮಾಡಿಟ್ಟು ಕೊಡುತ್ತಾರೆ. ಎಲ್ಲಕ್ಕಿಂತ ಮೆಚ್ಚಬೇಕಾದ ಏರ್ಪಾಟೆಂದರೆ, ಒಂದೇ ಊರಿನ ಹವ್ಯಾಸಿಗಳು ಒಂದು ಸಿಗಡಿಯನ್ನು ಟ್ಯಾಂಕಿನಿಂದ ಟ್ಯಾಂಕಿಗೆ ದಾಟಿಸುವುದು. ಹಾಗೆ ದಾಟಿಸುವಾಗ ಹೊಸ ನೀರನ್ನು ಹನಿಹನಿಯಾಗಿ ಬೆರೆಸಿ ಒಗ್ಗಿಸಬೇಕು, ಚೀಲದ ಹಳೆ ನೀರನ್ನು ಟ್ಯಾಂಕಿಗೆ ಸುರಿಯಬಾರದು. ಟ್ರಿಗರ್ ಮೀನು, ಹಾಕ್‌ಫಿಶ್ ಇರುವ ಟ್ಯಾಂಕಿಗೆ ಸಿಗಡಿ ಬಿಟ್ಟರೆ ಸಿಗಡಿಯೇ ಊಟವಾದೀತು.

ಮುಂದೆ ಹೊಸ ಹವಳ ತಂದಾಗ ಬಿಲ್ಲೆಯ ಅಡಿಯನ್ನೂ ನೋಡಬೇಕು, ಸಾಧ್ಯವಾದರೆ ಬಿಲ್ಲೆಯನ್ನೇ ಬದಲಿಸಬೇಕು. ಅಯೋಡಿನ್ ದ್ರಾವಣದಲ್ಲಿ ಅದ್ದಿದೆವಲ್ಲ ಎಂದು ನಂಬಿ ಕೂರುವಂತಿಲ್ಲ. ಕೆಲವು ವಾರ ಬೇರೆ ಟ್ಯಾಂಕಿನಲ್ಲಿಟ್ಟು ರಾತ್ರಿ ಟಾರ್ಚ್ ಬಿಟ್ಟು ನೋಡಿದ ಮೇಲೆ ಒಳಗೆ ಬಿಡುವುದು ಕ್ಷೇಮ. ಭಾರತದಲ್ಲಿ ಕೊಳ್ಳುವವರು ಇನ್ನೊಂದನ್ನೂ ಗಮನಿಸಬೇಕು: ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ್ದಾಗಲಿ, ಲಕ್ಷದ್ವೀಪದ್ದಾಗಲಿ, ಹವಳವನ್ನು ಮುರಿದು ಅಕ್ವೇರಿಯಂಗೆ ತರುವುದು ಅಪರಾಧ.