‘ಮಿಡ್’, ‘ಮಧ್ಯ’, ‘ನಡು’: ಯಾರು ಯಾರಿಗೆ ನೆಂಟರು?

ಪ್ರಶ್ನೆ: ಹಳೆಯ ಇಂಗ್ಲಿಷಿನಲ್ಲಿ ನಡುವಿಗೆ ‘ಮಿಡ್’ ಎನ್ನುತ್ತಿದ್ದರಂತೆ. ಅದು ನಮ್ಮ ‘ಮಧ್ಯ’ದಿಂದ ಹೋದದ್ದೇ? ನಮ್ಮ ಅಜ್ಜಿ ಹೇಳುವ ‘ನಡುಮನೆ’ಯ ‘ನಡು’ ಎಲ್ಲಿಯದು?
– ಓದುಗರೊಬ್ಬರು, ಹುಣಸೂರು

ಉತ್ತರ: ‘ಮಧ್ಯ’ದಿಂದ ‘ಮಿಡ್’ ಹುಟ್ಟಲಿಲ್ಲ, ‘ಮಿಡ್’ನಿಂದ ‘ಮಧ್ಯ’ವೂ ಹುಟ್ಟಲಿಲ್ಲ. ಎರಡೂ ಒಂದೇ ಬೇರಿನ ಕವಲುಗಳು. ಲ್ಯಾಟಿನ್ನಿನ ‘ಮೆಡಿಯಸ್’, ಗ್ರೀಕಿನ ‘ಮೆಸೊಸ್’ ಕೂಡ ಇದೇ ಬಳಗ. ಈ ಹೋಲಿಕೆ ಆಕಸ್ಮಿಕವಲ್ಲ. ಸಂಸ್ಕೃತದ ‘ಧ’ಕಾರಕ್ಕೆ ಇಂಗ್ಲಿಷಿನಲ್ಲಿ ‘ಡ’ಕಾರ ಸಿಗುವುದು ಬೇರೆ ಪದಗಳಲ್ಲೂ ಉಂಟು: ವಿಧವಾ–ವಿಡೋ, ಬಂಧ–ಬೈಂಡ್. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು ಹೇಳಿದ ಮೇಲೆ ಈ ನಂಟಿನ ಅಧ್ಯಯನ ಬಲವಾಗಿ ಬೆಳೆಯಿತು.

ಹಳೆಯ ಇಂಗ್ಲಿಷಿನವರು ಮನುಷ್ಯರು ಬಾಳುವ ಲೋಕವನ್ನು ‘ಮಿಡ್ಡನ್‌ಯಾರ್ಡ್’ ಎಂದು ಕರೆದರು. ನಡುವಣ ಆವರಣ ಎಂದರ್ಥ. ಸಂಸ್ಕೃತದಲ್ಲೂ ಭೂಮಿ ‘ಮಧ್ಯಲೋಕ’ವೇ. ಆದರೆ ಸೂಲಗಿತ್ತಿಗೆ ಹೇಳುವ ‘ಮಿಡ್‌ವೈಫ್’ನ ‘ಮಿಡ್’ ನಡುವಲ್ಲ. ಅಲ್ಲಿ ಅದಕ್ಕೆ ‘ಜೊತೆ’ ಎಂಬ ಅರ್ಥ, ‘ವೈಫ್’ಗೆ ಹೆಂಗಸು ಎಂಬ ಅರ್ಥ. ಹೆರುವವಳ ಜೊತೆಗಿರುವ ಹೆಂಗಸೇ ಮಿಡ್‌ವೈಫ್.

ನಿಮ್ಮ ಅಜ್ಜಿಯ ‘ನಡು’ ಈ ಬಳಗಕ್ಕೆ ಸೇರಿದ್ದಲ್ಲ. ಅದು ದ್ರಾವಿಡ ಪದ. ತಮಿಳು, ಮಲಯಾಳ, ತುಳುಗಳಲ್ಲಿ ‘ನಡು’, ತೆಲುಗಿನಲ್ಲಿ ‘ನಡುಮ’. ಮೈಯ ಮಧ್ಯಭಾಗವಾದ ಸೊಂಟವೂ ‘ನಡು’ವೇ. ಕಡೆ ‘ಕಟ್ಟಕಡೆ’ ಆದಂತೆ, ಬಯಲು ‘ಬಟ್ಟಬಯಲು’ ಆದಂತೆ, ನಡು ಒತ್ತು ಪಡೆದು ‘ನಟ್ಟನಡು’ ಆಯಿತು. ‘ನಟ್ಟಿರುಳು’ ಕೂಡ ಇದರ ಕುಡಿ. ನಮ್ಮ ನುಡಿಯ ಚರಿತ್ರೆಯಲ್ಲಿ ಹಳಗನ್ನಡಕ್ಕೂ ಹೊಸಗನ್ನಡಕ್ಕೂ ನಡುವಿನ ಹಂತಕ್ಕೆ ‘ನಡುಗನ್ನಡ’ ಎಂದೇ ಹೆಸರು.

ಕೆ.ಆರ್. ನಗರದ ಕಾವೇರಿ, ಎಚ್.ಡಿ. ಕೋಟೆಯ ಕಬಿನಿ, ನಿಮ್ಮೂರ ಲಕ್ಷ್ಮಣತೀರ್ಥ – ಈ ಹೊಳೆಗಳ ದಡದಲ್ಲಿ ಬೆಳೆದವರಿಗೆ ‘ನಡುಗಡ್ಡೆ’ ಏನೆಂದು ಬಿಡಿಸಿ ಹೇಳಬೇಕಿಲ್ಲ. ‘ನಡುನೀರಲ್ಲಿ ಕೈಬಿಟ್ಟ’ ಎಂಬ ಮಾತಿನ ನೋವೂ ಅವರಿಗೆ ಗೊತ್ತು. ಆ ಜಾಗದಲ್ಲಿ ‘ಮಧ್ಯ’ ಇಟ್ಟು ನೋಡಿ, ಮಾತಿನ ಕಸುವೇ ಇಳಿದುಹೋಗುತ್ತದೆ.

‘ಮಧ್ಯಾಹ್ನ’ವನ್ನು ನಾವು ಬಿಡಬೇಕಿಲ್ಲ, ಅದು ಎಂದೋ ಕನ್ನಡದ್ದಾಗಿದೆ. ಆದರೆ ‘ನಡುಮನೆ’ ಪೂರ್ತಿಯಾಗಿ ‘ಹಾಲ್’ ಆಗುವ ಮುನ್ನ, ಅಜ್ಜಿಯ ಬಾಯಲ್ಲಿ ಬರುವ ‘ನಡು’ವಿನ ಮಾತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಮಕ್ಕಳೆದುರು ಅವನ್ನೇ ಆಡಿ.