ಅಜ್ಜ ಅಜ್ಜಿಯರಿಗೂ ಒಂದು ಕೆಲಸ

ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮನಿಗೆ ನಾವು ಹೇಳುವುದೇನು? "ನೀವು ಆರಾಮಾಗಿರಿ, ಏನೂ ಮಾಡಬೇಡಿ." ನಾನೂ ಹೀಗೇ ಹೇಳಿ ಆಫೀಸಿಗೆ ಹೋಗುತ್ತಿದ್ದೆ. ಮೂರನೇ ವಾರಕ್ಕೇ ಅಮ್ಮ ವಾಪಸ್ ಟಿಕೆಟ್ಟಿನ ತಾರೀಖು ಕೇಳತೊಡಗಿದರು.

ಇಲ್ಲಿಯ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇದಕ್ಕೆ ತದ್ವಿರುದ್ಧವಾದ ಪ್ರಯೋಗ ಮಾಡಿದರು. 'ಎಕ್ಸ್‌ಪೀರಿಯನ್ಸ್ ಕೋರ್' ಎಂಬ ಕಾರ್ಯಕ್ರಮದಲ್ಲಿ ಅರವತ್ತು ದಾಟಿದವರು ವಾರಕ್ಕೆ 15 ಗಂಟೆ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓದು ಕಲಿಸಿದರು, ಲೈಬ್ರರಿ ನೋಡಿಕೊಂಡರು, ಜಗಳ ಬಿಡಿಸಿದರು. 702 ಹಿರಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಮಾತ್ರ ಶಾಲೆಗೆ ಕಳಿಸಲಾಯಿತು. (ಇಂಜಿನಿಯರುಗಳಿಗೆ ಹೀಗೆ ಹೋಲಿಸಿ ನೋಡಿದರೇ ಸಮಾಧಾನ!) ಅವರಲ್ಲಿ 111 ಜನರ ಮಿದುಳಿನ ಸ್ಕ್ಯಾನ್ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ನಂತರ ಶಾಲೆಗೆ ಹೋದ ಗಂಡಸರ ಮಿದುಳಿನ ಗಾತ್ರ ಕುಗ್ಗುವ ಬದಲು ತುಸು ಹೆಚ್ಚಿತ್ತು. ಹೆಂಗಸರಲ್ಲಿ ವ್ಯತ್ಯಾಸ ಅಷ್ಟು ಸ್ಪಷ್ಟವಿರಲಿಲ್ಲ. ಇಷ್ಟರಿಂದಲೇ ಮರೆವಿನ ಕಾಯಿಲೆ ತಪ್ಪುತ್ತದೆ ಎನ್ನಲಾಗದು.

ನನಗೆ ಹಿಡಿಸಿದ್ದು ಅವರು ಹಿರಿಯರನ್ನು ಕರೆದ ರೀತಿ. ನಿಮ್ಮ ಆರೋಗ್ಯಕ್ಕೆ ಒಳ್ಳೆಯದು ಎಂದಲ್ಲ, ಮಕ್ಕಳಿಗೆ ನೀವು ಬೇಕು ಎಂದು ಕರೆದರು.

ಅಮ್ಮನನ್ನು ನಮ್ಮ ಶನಿವಾರದ ಕನ್ನಡ ತರಗತಿಗೆ ಕರೆದೊಯ್ದೆ. "ಟೀಚರ್‌ಗೆ ಒಬ್ಬರಿಗೇ ಆಗುತ್ತಿಲ್ಲ, ಕಾಗುಣಿತ ಸ್ವಲ್ಪ ನೋಡಮ್ಮ" ಎಂದೆ. ಈಗ ಶುಕ್ರವಾರ ರಾತ್ರಿಯೇ ಸೀರೆ ತೆಗೆದಿಡುತ್ತಾರೆ. ಹುಡುಗರು 'ಳ'ಕಾರ ತಪ್ಪಿದರೆ ಬಿಡುವುದಿಲ್ಲ.

ಬರಲು ಮನಸ್ಸಿರುವ ಅಜ್ಜ ಅಜ್ಜಿಯರು ಇನ್ನೂ ಹಲವರಿದ್ದಾರೆ. ಅವರಿಗಿಲ್ಲಿ ಕಾರು ಓಡಿಸಲು ಬರುವುದಿಲ್ಲ, ಅಷ್ಟೇ. ನಿಮ್ಮ ಕಾರಿನಲ್ಲಿ ಒಂದು ಸೀಟು ಖಾಲಿಯಿದ್ದರೆ ತಿಳಿಸಿ.