ಹಲ್ಲಿನ ಕಲೆಯೂ ಬಾವಿಯ ನೀರೂ
(ಕೆಲವು ವೈದ್ಯ ವಿಜ್ಞಾನಿಗಳ ಪರಿಚಯ)



ವೈದ್ಯ ವಿಜ್ಞಾನಿಗಳು ಎಂದೊಡನೆ ನಮಗೆ ನೆನಪಾಗುವವರು ಹುಚ್ಚುನಾಯಿ ಕಡಿತಕ್ಕೆ ಲಸಿಕೆ ತಂದ ಲೂಯಿ ಪಾಶ್ಚರ್, ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡ ರೊನಾಲ್ಡ್ ರಾಸ್ ಮುಂತಾದವರು. ಇವರ ಚಿತ್ರಗಳು ಪಠ್ಯಪುಸ್ತಕದಲ್ಲಿವೆ. ಪರೀಕ್ಷೆಯಲ್ಲಿ ಪ್ರಶ್ನೆಗಳೂ ಬರುತ್ತವೆ. ಆದರೆ ನಮ್ಮ ಸೀಮೆಯ ಮನೆಮನೆಗೂ ಸಂಬಂಧಪಟ್ಟ ಒಂದು ರೋಗದ ಗುಟ್ಟನ್ನು ಬಿಡಿಸಿದವರ ಹೆಸರು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆ ರೋಗವೇ ಫ್ಲೋರೋಸಿಸ್. ತೆಲುಗಿನಲ್ಲಿ ಜನ ‘ಗಾರಪಳ್ಳು’ ಎನ್ನುವುದೂ, ಕನ್ನಡದಲ್ಲಿ ನಾವು ‘ಕರೆ ಹಿಡಿದ ಹಲ್ಲು’ ಎನ್ನುವುದೂ ಇದರ ಮೊದಲ ಗುರುತು. ಇದರ ಕಥೆ ತಿಳಿಯುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನನ್ನ ತಪ್ಪು

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಎಂಟನೆಯ ತರಗತಿಯ ಹುಡುಗನೊಬ್ಬ ಪದ್ಯ ಒಪ್ಪಿಸುವಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಒಂದು ದಿನ ಕೈ ತೆಗೆಸಿ ನೋಡಿದೆ. ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಬಣ್ಣದ ಗೆರೆಗಳಿದ್ದವು. “ಹಲ್ಲು ಉಜ್ಜುವ ಅಭ್ಯಾಸವೇ ಇಲ್ಲವೇನೋ?” ಎಂದು ಇಡೀ ತರಗತಿಯ ಮುಂದೆ ಗದರಿದೆ. ಮಕ್ಕಳೆಲ್ಲ ನಕ್ಕರು.

ಮರುದಿನ ಆ ಹುಡುಗ ಬಂದಾಗ ಅವನ ಒಸಡುಗಳು ಊದಿಕೊಂಡಿದ್ದವು. ಇಟ್ಟಿಗೆ ಪುಡಿಯಿಂದ ರಕ್ತ ಬರುವವರೆಗೆ ಉಜ್ಜಿಕೊಂಡಿದ್ದ. ಕಲೆ ಮಾತ್ರ ಇದ್ದಂತೆಯೇ ಇತ್ತು. ಸಂಜೆ ಅವನ ಮನೆಗೆ ಹೋದೆ. ಅವನ ತಂದೆ, “ಏನು ಮಾಡೋದು ಸಾರ್, ನಮ್ಮೂರಾಗ ಎಲ್ಲರ ಹಲ್ಲೂ ಹಿಂಗೇ” ಎಂದರು. ಅವನ ತಮ್ಮನ ಹಲ್ಲೂ ಹಾಗೆಯೇ ಇತ್ತು. ಆದರೆ ಅಕ್ಕನ ಹಲ್ಲು ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿತ್ತು. ವಿಚಾರಿಸಿದಾಗ, ಆಕೆ ಹತ್ತು ವರ್ಷದವರೆಗೆ ದೂರದ ಅಜ್ಜಿಯ ಊರಿನಲ್ಲಿ ಬೆಳೆದವಳೆಂದು ತಿಳಿಯಿತು.

ಒಂದೇ ತಾಯಿಯ ಮಕ್ಕಳು. ಹಲ್ಲು ಉಜ್ಜುವುದೂ ಒಂದೇ ಬೇವಿನ ಕಡ್ಡಿಯಿಂದ. ವ್ಯತ್ಯಾಸವಿದ್ದುದು ಚಿಕ್ಕಂದಿನಲ್ಲಿ ಕುಡಿದ ನೀರಿನಲ್ಲಿ. ಇದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು. ಮರುದಿನ ತರಗತಿಯಲ್ಲಿ ಆ ಹುಡುಗನಿಗೆ, “ತಪ್ಪು ನಿನ್ನದಲ್ಲ, ನನ್ನದು” ಎಂದು ಹೇಳಿದೆ.

ಮೂವತ್ತು ವರ್ಷಗಳ ಹುಡುಕಾಟ

ನನಗೆ ಬಂದ ಸಂದೇಹವೇ ಬಹಳ ಹಿಂದೆ ಅಮೆರಿಕದ ಒಬ್ಬ ದಂತವೈದ್ಯರಿಗೂ ಬಂದಿತ್ತು. ಅವರ ಹೆಸರು ಫ್ರೆಡರಿಕ್ ಮೆಕೇ. 1901ರಲ್ಲಿ ಅವರು ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ವೃತ್ತಿ ಆರಂಭಿಸಿದರು. ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆಗಳಿದ್ದವು. ದೊಡ್ಡವರಾದ ಮೇಲೆ ಬೇರೆ ಕಡೆಯಿಂದ ಬಂದು ನೆಲೆಸಿದವರಲ್ಲಿ ಇರಲಿಲ್ಲ. ಊರಿನವರಿಗೆ ಅದು ಮಾಮೂಲಾಗಿಹೋಗಿತ್ತು. ಮೆಕೇ ಅವರಿಗೆ ಮಾತ್ರ ‘ಏಕೆ ಹೀಗೆ?’ ಎಂಬ ಪ್ರಶ್ನೆ ಬಿಡಲಿಲ್ಲ. ದಂತವೈದ್ಯದಲ್ಲಿ ಹೆಸರಾಂತ ಜಿ. ವಿ. ಬ್ಲ್ಯಾಕ್ ಎಂಬವರೂ ಅವರಿಗೆ ನೆರವಾದರು. ಕ್ರಮೇಣ ಮೆಕೇ ಅವರ ಸಂದೇಹ ಕುಡಿಯುವ ನೀರಿನ ಮೇಲೆ ನೆಲೆಗೊಂಡಿತು.

ಐಡಾಹೋ ಸಂಸ್ಥಾನದ ಓಕ್ಲಿ ಎಂಬ ಊರಿನಲ್ಲಿ ಹೊಸ ಚಿಲುಮೆಯಿಂದ ಕೊಳವೆಯಲ್ಲಿ ನೀರು ತಂದ ಮೇಲೆ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣಿಸಿತ್ತು. ಮೆಕೇ ಅವರ ಸಲಹೆಯಂತೆ ಆ ಊರಿನವರು ನೀರಿನ ಮೂಲವನ್ನೇ ಬದಲಾಯಿಸಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಹೊಸದಾಗಿ ಹುಟ್ಟಿದ ಹಲ್ಲುಗಳು ಶುಭ್ರವಾಗಿದ್ದವು! ಆದರೂ ನೀರಿನಲ್ಲಿರುವ ವಸ್ತು ಯಾವುದೆಂದು ತಿಳಿಯಲಿಲ್ಲ. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಅವರು ನೀರನ್ನು ಸೂಕ್ಷ್ಮವಾಗಿ ವಿಶ್ಲೇಷಿಸಿದಾಗ ಅದರಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದು ಕಂಡಿತು. ಅವರಿಗೇ ಮೊದಲು ನಂಬಿಕೆ ಬರಲಿಲ್ಲ. ನೀರನ್ನು ಮತ್ತೊಮ್ಮೆ ತರಿಸಿ ಪರೀಕ್ಷಿಸಿದರು. ಫಲ ಅದೇ ಬಂದಿತು. 1901ರ ಪ್ರಶ್ನೆಗೆ ಉತ್ತರ ದೊರೆತದ್ದು ಮೂವತ್ತು ವರ್ಷಗಳ ಮೇಲೆ.

ಬಳಿಕ ಟ್ರೆಂಡ್ಲಿ ಡೀನ್ ಎಂಬ ವಿಜ್ಞಾನಿ ಅನೇಕ ಊರುಗಳ ನೀರನ್ನೂ ಮಕ್ಕಳ ಹಲ್ಲುಗಳನ್ನೂ ಹೋಲಿಸಿ ನೋಡಿದರು. ಒಂದು ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹಲ್ಲು ಹುಳುಕಾಗುವುದು ಕಡಿಮೆಯಾಗುತ್ತದೆ, ಅದಕ್ಕಿಂತ ಬಹಳ ಹೆಚ್ಚಾದರೆ ಕಲೆ ಬೀಳುತ್ತದೆ ಎಂದು ತಿಳಿಯಿತು. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆ ಇಲ್ಲಿ ಎಷ್ಟು ನಿಜ!

ಪಿನಾಕಿನಿಯ ಆ ತುದಿಯಲ್ಲಿ

ಇನ್ನು ನಮ್ಮ ನಾಡಿಗೆ ಬರೋಣ. ನಂದಿ ಬೆಟ್ಟದ ಕಡೆ ಹುಟ್ಟಿ ನಮ್ಮ ಹಿಂದೂಪುರದ ಸೀಮೆಯನ್ನು ಹಾದುಹೋಗುವ ಪಿನಾಕಿನಿ ನದಿ ಸಮುದ್ರವನ್ನು ಸೇರುವುದು ನೆಲ್ಲೂರು ಜಿಲ್ಲೆಯಲ್ಲಿ. ಆಗ ನೆಲ್ಲೂರೂ ಅನಂತಪುರವೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಆ ನೆಲ್ಲೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಹಲ್ಲಿನ ಕಲೆಯಷ್ಟೇ ಅಲ್ಲದೆ, ದೊಡ್ಡವರ ಕತ್ತು ಬೆನ್ನುಗಳು ಮರದಂತೆ ಬಿಗಿದುಕೊಂಡು ಬಗ್ಗಲಾರದ ಸ್ಥಿತಿ ಇತ್ತು. ಮದರಾಸಿನ ಗಿಂಡಿಯ ಕಿಂಗ್ ಸಂಸ್ಥೆಯ ಎಚ್. ಇ. ಶಾರ್ಟ್, ಸಿ. ಜಿ. ಪಂಡಿತ್ ಮತ್ತು ಟಿ. ಎನ್. ಎಸ್. ರಾಘವಾಚಾರಿ ಇವರು ಅದನ್ನು ಪರಿಶೀಲಿಸಿ, ಅದಕ್ಕೆ ನೀರಿನ ಫ್ಲೋರೈಡೇ ಕಾರಣವೆಂದು 1937ರಲ್ಲಿ ಪ್ರಕಟಿಸಿದರು. ಇದು ಫ್ಲೋರೋಸಿಸ್ ಬಗ್ಗೆ ಭಾರತದಲ್ಲಿ ನಡೆದ ಮೊದಮೊದಲ ಸಂಶೋಧನೆಗಳಲ್ಲಿ ಒಂದು. ಶಾರ್ಟ್ ಅವರು ಮುಂದೆ 1948ರಲ್ಲಿ ಗಾರ್ನಮ್ ಎಂಬವರೊಡನೆ, ಮಲೇರಿಯಾ ರೋಗಾಣು ರಕ್ತಕ್ಕೆ ಬರುವ ಮುನ್ನ ಯಕೃತ್ತಿನಲ್ಲಿ ಬೆಳೆಯುತ್ತದೆ ಎಂಬುದನ್ನು ತೋರಿಸಿದರು. ಪಂಡಿತರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನಿರ್ದೇಶಕರಾದರು.

ಫ್ಲೋರೈಡ್ ಮಾಡುವ ಕೆಲಸ

ಹಲ್ಲು ಮತ್ತು ಮೂಳೆಗಳಲ್ಲಿ ಸುಣ್ಣ, ರಂಜಕಗಳು ಸೇರಿದ ಗಟ್ಟಿ ಪದಾರ್ಥವಿದೆ. ಫ್ಲೋರೈಡ್ ಅದರೊಳಗೆ ಸೇರಿಕೊಳ್ಳುತ್ತದೆ. ಒಸಡಿನ ಒಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷದವರೆಗೆ, ಅದು ಅತಿಯಾದರೆ ಹಲ್ಲಿನ ಹೊರಕವಚ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಆದ್ದರಿಂದ ಈ ಕಲೆ ಮೇಲೆ ಅಂಟಿದ ಕೊಳೆಯಲ್ಲ, ಹಲ್ಲಿನೊಳಗಿನದು. ಎಷ್ಟು ಉಜ್ಜಿದರೂ ಹೋಗದು. ಅನೇಕ ವರ್ಷ ಅಂಥ ನೀರನ್ನೇ ಕುಡಿದವರಿಗೆ ಕೀಲುನೋವು ಬರುತ್ತದೆ. ಮೂಳೆಗಳನ್ನು ಬಿಗಿದಿರುವ ಕಟ್ಟುಗಳೂ ಗಟ್ಟಿಯಾಗಿ ಬೆನ್ನು ಬಾಗುತ್ತದೆ. ಹಾಗೆ ಬಾಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಆದ್ದರಿಂದ ಬಾರದಂತೆ ತಡೆಯುವುದೇ ಮದ್ದು.

ನಮ್ಮ ಸೀಮೆಗೇ ಏಕೆ ಈ ಕಾಟ? ನಮ್ಮದು ಕಲ್ಲುಬಂಡೆಯ ನೆಲ. ಆ ಬಂಡೆಗಳಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಕರಗುತ್ತದೆ. ಅನಂತಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಕೆರೆಗಳು ಬತ್ತಿ, ಬೋರುಬಾವಿಗಳು ಆಳಕ್ಕೆ ಹೋದಷ್ಟೂ ಬಂಡೆಯ ನಡುವೆ ಬಹುಕಾಲ ನಿಂತ ನೀರು ನಮ್ಮ ಬಿಂದಿಗೆಗೆ ಬರುತ್ತದೆ. ಬಿಸಿಲ ನಾಡಾದ್ದರಿಂದ ನಾವು ಕುಡಿಯುವ ನೀರೂ ಹೆಚ್ಚು. ಪಕ್ಕದ ಪಾವಗಡ ತಾಲ್ಲೂಕಿನವರ ಕಷ್ಟವೂ ಇದೇ. ರಾಜ್ಯ ಬೇರೆಯಾದರೂ ಬಂಡೆ ಒಂದೇ.

ಹೈದರಾಬಾದಿನ ಮತ್ತು ನಾಗಪುರದ ಕೊಡುಗೆ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೆ. ಎ. ವಿ. ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು, ಫ್ಲೋರೈಡ್ ಪೀಡಿತ ಪ್ರದೇಶದಲ್ಲಿ ಮೊಳಕಾಲುಗಳು ಒಂದಕ್ಕೊಂದು ತಾಗುವಂತೆ ಕಾಲು ಸೊಟ್ಟಗಾಗುವ ಸ್ಥಿತಿಯನ್ನು ಕುರಿತು 1973ರಲ್ಲಿ ಲೇಖನ ಪ್ರಕಟಿಸಿದರು. ಹೊಟ್ಟೆಗೆ ಒಳ್ಳೆಯ ಆಹಾರವಿಲ್ಲದ, ಸುಣ್ಣದಂಶ ಸಾಲದ ಬಡವರನ್ನು ಫ್ಲೋರೈಡ್ ಹೆಚ್ಚು ಪೀಡಿಸುತ್ತದೆ ಎಂಬುದು ಇಂಥ ಸಂಶೋಧನೆಗಳಿಂದ ತಿಳಿದುಬಂದಿತು. ಕಮಲಾ ಕೃಷ್ಣಸ್ವಾಮಿಯವರು ಮುಂದೆ ಆ ಸಂಸ್ಥೆಗೇ ನಿರ್ದೇಶಕಿಯಾದರು. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.

ನಾಗಪುರದ ರಾಷ್ಟ್ರೀಯ ಪರಿಸರ ತಾಂತ್ರಿಕ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸಿ ನೀರಿನ ಫ್ಲೋರೈಡ್ ತಗ್ಗಿಸುವ ಕ್ರಮವನ್ನು ರೂಪಿಸಿದರು. ಅದಕ್ಕೆ ನಲ್ಗೊಂಡ ವಿಧಾನವೆಂದು ಹೆಸರು. ಅದನ್ನು ಅಳತೆ ಬಲ್ಲವರೇ ಮಾಡಬೇಕು. ಮನೆಯಲ್ಲಿ ಅಂದಾಜಿನಿಂದ ಪಟಿಕ ಹಾಕಬಾರದು. 1990ರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲಿ ಸತ್ಯಸಾಯಿ ಕುಡಿನೀರಿನ ಯೋಜನೆ ಬಂದು ನೂರಾರು ಹಳ್ಳಿಗಳಿಗೆ ಕೊಳವೆ ನೀರು ಹರಿಯಿತು. ನೀರಿನ ಮೂಲ ಬದಲಾಯಿಸಿದರೆ ರೋಗವನ್ನು ತಡೆಯಬಹುದೆಂದು ಓಕ್ಲಿಯ ಜನ ಕಂಡುಕೊಂಡಿದ್ದರಲ್ಲವೇ? ಇಂಥ ಯೋಜನೆಗಳ ಹಿಂದಿರುವ ವಿಚಾರವೂ ಅದೇ.

ನಾವು ಮಾಡಬೇಕಾದದ್ದು

1. ಫ್ಲೋರೈಡಿಗೆ ಬಣ್ಣ, ರುಚಿ, ವಾಸನೆ ಇಲ್ಲ. ನೀರು ಸಿಹಿಯಾಗಿದೆ, ತಿಳಿಯಾಗಿದೆ ಎಂದು ನಂಬಬಾರದು, ಪರೀಕ್ಷೆ ಮಾಡಿಸಬೇಕು. ನಮ್ಮ ದೇಶದ ನಿಯಮದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂ ಮೀರಬಾರದು.

2. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚುವುದೇ ಸರಿ.

3. ಒಳ್ಳೆಯ ನೀರು ಸ್ವಲ್ಪವೇ ಸಿಗುವುದಾದರೆ ಅದನ್ನು ಕುಡಿಯಲು, ಅಡುಗೆಗೆ ಮೀಸಲಿಡಿ. ಸ್ನಾನಕ್ಕೆ, ಬಟ್ಟೆಗೆ ಬೋರಿನ ನೀರು ಸಾಕು. ಎಳೆ ಮಕ್ಕಳಿರುವ ಮನೆಯಲ್ಲಿ ಇದನ್ನು ತಪ್ಪದೆ ಪಾಲಿಸಬೇಕು.

4. ಹಾಲು, ಮಜ್ಜಿಗೆ, ನುಗ್ಗೆ ಸೊಪ್ಪು, ಎಳ್ಳು, ನೆಲ್ಲಿಕಾಯಿ ಊಟದಲ್ಲಿರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ನಮ್ಮ ಮುದ್ದೆಯನ್ನು ಹೀಗಳೆಯಬೇಡಿ.

5. ಹಲ್ಲಿನ ಕಲೆ ಕಂಡು ಯಾರನ್ನೂ ಹಾಸ್ಯ ಮಾಡಬೇಡಿ. ಹೆಣ್ಣು ನೋಡಲು ಬಂದವರು ಹಲ್ಲು ನೋಡಿ ಹಿಂದಿರುಗುವುದನ್ನು ಕಂಡಿದ್ದೇನೆ. ಕಲೆ ಆ ಮಗುವಿನ ತಪ್ಪಲ್ಲ.

ಮುಕ್ತಾಯ

ಮಕ್ಕಳೇ, ಮೆಕೇ ಅವರು ಆರಂಭಿಸಿದ್ದು ಬಾಯಿ ತೆರೆಸಿ ನೋಡುವುದರಿಂದ ಮತ್ತು ‘ಏಕೆ?’ ಎಂದು ಕೇಳುವುದರಿಂದ. ನಾನೂ ಬಾಯಿ ತೆರೆಸಿ ನೋಡಿದ್ದೆ, ಕೇಳಲಿಲ್ಲ, ಗದರಿದೆ. ನಮ್ಮಿಬ್ಬರಿಗೂ ಇದ್ದ ಅಂತರ ಅಷ್ಟೇ. ನೀವು ನಾಳೆ ವೈದ್ಯರಾಗಿ, ಶಿಕ್ಷಕರಾಗಿ, ರೈತರಾಗಿ, ಏನೇ ಆಗಿ. ಎಲ್ಲರೂ ‘ನಮ್ಮೂರಾಗ ಹಿಂಗೇ’ ಎಂದು ಸುಮ್ಮನಾದ ಕಡೆ ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಿ.

ಅಭ್ಯಾಸ

ಅ) ನಿಮ್ಮ ಮನೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಬರೆಯಿರಿ.
ಆ) ಒಂದೇ ಮನೆಯ ಮಕ್ಕಳಲ್ಲಿ ಒಬ್ಬರಿಗೆ ಕಲೆಯಿದ್ದು ಇನ್ನೊಬ್ಬರಿಗೆ ಇಲ್ಲದಿರಲು ಕಾರಣವೇನು?
ಇ) ನಿಮ್ಮ ಊರಿನ ನೀರಿನ ಪರೀಕ್ಷೆಯನ್ನು ಕೋರಿ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಚೆನ್ನಾಗಿ ಬರೆದುದನ್ನು ಕಳುಹಿಸೋಣ.